ಕೈ ಕೊನೆಗೆ ಬರಲಿ: ಕ್ರಿಕೆಟ್ ಆಡಿದ ಹುಡುಗಿಯರಿಗೆ ಸಾಫ್ಟ್‌ಬಾಲ್ ಬ್ಯಾಟಿಂಗ್ ಕಲಿಸುವುದು

ಪ್ರಶ್ನೆ: ನಾನು ಕುಮಟಾ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಈ ವರ್ಷ ಮೊದಲ ಸಲ ಹುಡುಗಿಯರ ಸಾಫ್ಟ್‌ಬಾಲ್ ತಂಡ ಕಟ್ಟಿದ್ದೇನೆ. 11ರಿಂದ 14 ವರ್ಷದ 16 ಮಕ್ಕಳಿದ್ದಾರೆ. ಎಲ್ಲರೂ ಮನೆ ಹತ್ತಿರ ಅಣ್ಣತಮ್ಮಂದಿರ ಜೊತೆ ಟೆನಿಸ್ ಬಾಲ್ ಕ್ರಿಕೆಟ್ ಆಡಿದವರು. ಬ್ಯಾಟ್ ಜೋರಾಗಿಯೇ ಬೀಸುತ್ತಾರೆ. ಆದರೆ ಚೆಂಡು ತಾಗುವುದು ಕಡಿಮೆ. ತಾಗಿದರೂ ಕಾಲಬುಡದಲ್ಲಿ ಉರುಳುತ್ತದೆ, ಇಲ್ಲವೇ ಮೇಲಕ್ಕೆ ಹಾರಿ ಕ್ಯಾಚ್ ಆಗುತ್ತದೆ. ‘ಚೆಂಡು ನೋಡು, ಜೋರಾಗಿ ಹೊಡಿ’ ಎಂದು ಹೇಳಿ ಹೇಳಿ ನನಗೇ ಸಾಕಾಗಿದೆ. ನಮ್ಮ ಹತ್ತಿರ ಇರುವುದು 3 ಬ್ಯಾಟು, 8 ಚೆಂಡು. ಎಲ್ಲಿಂದ ಶುರು ಮಾಡಲಿ? ತಂಡದಲ್ಲಿ ತೀರಾ ಸಣ್ಣ ಮೈಕಟ್ಟಿನವಳು ಒಬ್ಬಳಿದ್ದಾಳೆ. ಅವಳಿಗೆ ಬರೀ ಬಂಟ್, ಅಂದರೆ ಬೀಸದೆ ಬ್ಯಾಟ್ ಅಡ್ಡ ಹಿಡಿದು ಚೆಂಡನ್ನು ಹತ್ತಿರದಲ್ಲೇ ಉರುಳಿಸುವುದು, ಕಲಿಸಿದರೆ ಸಾಕಾ?

ಉತ್ತರ: ಮೇಡಂ, ಜೋರು ಇದೆ, ಚೆಂಡು ತಾಗುತ್ತಿಲ್ಲ ಎಂದು ಬರೆದಿದ್ದೀರಿ. ಹಾಗಾದರೆ ಇದು ಮಕ್ಕಳ ಕಣ್ಣಿನ ತಪ್ಪಲ್ಲ, ಧೈರ್ಯದ ಕೊರತೆಯೂ ಅಲ್ಲ. ಗದ್ದೆ ಬಯಲಿನಲ್ಲಿ ಎಲ್ಲೋ ಬಿದ್ದು ಎತ್ತಲೋ ಪುಟಿಯುವ ಟೆನಿಸ್ ಬಾಲನ್ನು ಹೊಡೆದ ಹುಡುಗಿಗೆ, ಸುತ್ತಳತೆ 12 ಇಂಚು ಇರುವ ಸಾಫ್ಟ್‌ಬಾಲ್ ಕಾಣದೆ ಇರುತ್ತದೆಯೇ? ಕಾಣುತ್ತದೆ. ತಪ್ಪಿರುವುದು ಸರದಿ. ಮೈಯಲ್ಲಿ ಯಾವುದು ಮೊದಲು ಹೊರಡಬೇಕು, ಯಾವುದು ಕೊನೆಗೆ ಬರಬೇಕು ಎನ್ನುವುದು ಅವರಿಗೆ ಗೊತ್ತಿಲ್ಲ. ನಿಮ್ಮ ಮಕ್ಕಳಲ್ಲಿ ಕೈ ಮೊದಲು ಹೊರಡುತ್ತಿದೆ. ನೋಡದೆ ಇಷ್ಟು ಖಚಿತವಾಗಿ ಹೇಗೆ ಹೇಳುತ್ತೇನೆ ಅಂದರೆ, ಕಾರವಾರ, ಅಂಕೋಲಾ ಕಡೆ ಇಷ್ಟು ವರ್ಷ ನಾನು ಕಲಿಸಿದ ಮಕ್ಕಳಲ್ಲಿ ಕ್ರಿಕೆಟ್‌ನಿಂದ ಬಂದವರೆಲ್ಲ ಮೊದಲ ವಾರ ಹೀಗೇ ಮಾಡಿದ್ದಾರೆ.

ಕೈ ಮೊದಲು ಹೊರಟರೆ ತೋಳು ಮೈಯಿಂದ ದೂರ ಸರಿಯುತ್ತದೆ. ಬ್ಯಾಟ್ ದೊಡ್ಡ ಸುತ್ತು ಹಾಕಿಕೊಂಡು ಬರುತ್ತದೆ. ಅಷ್ಟರಲ್ಲಿ ಚೆಂಡು ದಾಟಿ, ಹಿಂದೆ ಕೂತ ಕ್ಯಾಚರ್ ಕೈಯಲ್ಲಿರುತ್ತದೆ. ತಡವಾಯಿತು ಎಂದು ತಿಳಿದ ಹುಡುಗಿ ಮುಂದಿನ ಸಲ ಇನ್ನೂ ಬೇಗ ಕೈ ಬಿಡುತ್ತಾಳೆ. ಆಗ ಚೆಂಡು ಬಂದು ತಾಗುವ ಹೊತ್ತಿಗೆ ಮಣಿಕಟ್ಟು ಮಗುಚಿ ಆಗಿರುತ್ತದೆ. ಏಟು ಚೆಂಡಿನ ನೆತ್ತಿಗೆ ಬೀಳುತ್ತದೆ, ಅದು ಕಾಲಬುಡದಲ್ಲಿ ಉರುಳುತ್ತದೆ. ಇನ್ನು ಕೆಲವರು ಜೋರು ತರಬೇಕೆಂದು ಹಿಂದಿನ ಭುಜವನ್ನು ಕೆಳಗೆ ಬೀಳಿಸಿ ಎತ್ತುತ್ತಾರೆ. ಏಟು ಚೆಂಡಿನ ಹೊಟ್ಟೆಯಡಿಗೆ ಸಿಗುತ್ತದೆ, ಅದು ನೇರ ಮೇಲಕ್ಕೆ ಹಾರುತ್ತದೆ. ಉರುಳುವುದು, ಹಾರುವುದು ಎರಡೂ ಬೇರೆ ಬೇರೆ ತಪ್ಪು ಎಂದು ಕಾಣುತ್ತದೆ. ಆದರೆ ಬೇರು ಒಂದೇ.

ಬೀಸು ಬಲೆ ನೋಡಿದ್ದೀರಿ ಅಲ್ವಾ? ನಿಮ್ಮ ಅಘನಾಶಿನಿ ಅಳಿವೆಯಲ್ಲಿ, ನಮ್ಮ ಕಾಳಿ ದಡದಲ್ಲಿ ಬೆಳಗ್ಗೆ ಬಲೆ ಬೀಸುವವರು ಇರುತ್ತಾರಲ್ಲ, ಒಂದು ದಿನ ಅವರ ಕೈ ನೋಡಬೇಡಿ, ಕಾಲು ನೋಡಿ. ಮೊದಲು ಮೈಯನ್ನು ಹಿಂದಕ್ಕೆ ತಿರುಗಿಸಿ ಭಾರವನ್ನೆಲ್ಲ ಹಿಂದಿನ ಕಾಲಿಗೆ ತರುತ್ತಾರೆ. ಆಮೇಲೆ ಮುಂದಿನ ಕಾಲು ಊರುತ್ತದೆ. ಸೊಂಟ ತಿರುಗುತ್ತದೆ. ಅದರ ಹಿಂದೆ ಭುಜ. ಕೈ ಬಿಡುವುದು ಎಲ್ಲಕ್ಕಿಂತ ಕೊನೆಗೆ. ಆಗಲೇ ಬಲೆ ದುಂಡಗೆ ಬಿಚ್ಚಿಕೊಂಡು ನೀರಿಗೆ ಬೀಳುತ್ತದೆ. ಬರೀ ತೋಳಿನ ಶಕ್ತಿಯಲ್ಲಿ ಎಸೆದರೆ ಮುದ್ದೆಯಾಗಿ ಬೀಳುತ್ತದೆ. ಸಾಫ್ಟ್‌ಬಾಲ್ ಬ್ಯಾಟಿಂಗ್‌ನ ಸರದಿ ಇದೇ: ಪಾದ, ಸೊಂಟ, ಭುಜ, ಕೈ, ಕೊನೆಗೆ ಬ್ಯಾಟಿನ ತುದಿ. ನಿಮ್ಮ ತಂಡದಲ್ಲಿ ಬಲೆ ಬೀಸುವವರ ಮನೆಯ ಹುಡುಗಿ ಇದ್ದರೆ ಅವಳನ್ನೇ ಮುಂದೆ ಕರೆದು ತೋರಿಸಲು ಹೇಳಿ. ನಾನು ಅರ್ಧ ಗಂಟೆ ವಿವರಿಸುವುದನ್ನು ಅವಳು ಒಂದು ಬೀಸಿನಲ್ಲಿ ತೋರಿಸುತ್ತಾಳೆ.

ಆದ್ದರಿಂದ ಮೊದಲ ಎರಡು ಮೂರು ದಿನ ಬ್ಯಾಟನ್ನೇ ಕೊಡಬೇಡಿ. ಬ್ಯಾಟ್ ಕೈಗೆ ಬಂದ ಕೂಡಲೇ ಮಕ್ಕಳ ಗಮನ ಕೈಗೆ ಹೋಗುತ್ತದೆ. ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು ನಿಲ್ಲಲಿ. ಪಾದಗಳ ನಡುವೆ ಭುಜಕ್ಕಿಂತ ಸ್ವಲ್ಪ ಜಾಸ್ತಿ ಅಂತರ. ಮೊಣಕಾಲು ಸ್ವಲ್ಪ ಸಡಿಲ, ಭಾರ ಹಿಮ್ಮಡಿಯ ಮೇಲಲ್ಲ, ಪಾದದ ಮುಂಭಾಗದಲ್ಲಿ. ‘ಹಿಂದೆ’ ಎಂದಾಗ ಭಾರ ಹಿಂದಿನ ಕಾಲಿಗೆ ಬರಲಿ. ‘ಊರು’ ಎಂದಾಗ ಮುಂದಿನ ಕಾಲು ಒಂದು ಗೇಣು ಮುಂದೆ ಹೋಗಿ ಮೆತ್ತಗೆ ಊರಲಿ. ಒಂದು ಕ್ಷಣ ಅಲ್ಲೇ ನಿಲ್ಲಲಿ. ‘ತಿರುಗು’ ಎಂದಾಗ ಹೊಕ್ಕುಳು ಪಿಚರ್ ಕಡೆ, ಅಂದರೆ ಚೆಂಡು ಎಸೆಯುವವಳ ಕಡೆ, ತಿರುಗಲಿ. ಆ ನಡುವಿನ ಒಂದು ಕ್ಷಣದ ನಿಲುಗಡೆ ಇದೆಯಲ್ಲ, ಅದರಲ್ಲೇ ಪಾಠ ಇರುವುದು. ಕಾಲು ಊರಿದೆ, ಮೈ ಇನ್ನೂ ಹೊರಟಿಲ್ಲ. ಈ ಸ್ಥಿತಿ ಮೈಗೆ ಪರಿಚಯವಾಗಬೇಕು. ಮುಂದೆ ಚೆಂಡು ಬರುವಾಗ ನಿಲುಗಡೆ ತಾನಾಗಿಯೇ ಕರಗುತ್ತದೆ, ಸರದಿ ಉಳಿಯುತ್ತದೆ.

ಇದಾದ ಮೇಲೆ ಬ್ಯಾಟಿನ ಬದಲು ಒಂದು ಹಳೆಯ ಟವೆಲ್ ಕೊಡಿ. ತುದಿಗೆ ಒಂದು ಗಂಟು ಹಾಕಿ, ಎರಡೂ ಕೈಯಲ್ಲಿ ಬ್ಯಾಟ್ ಹಿಡಿದ ಹಾಗೆ ಹಿಡಿದು ಬೀಸಲಿ. ಕೈ ಮೊದಲು ಹೊರಟರೆ ಟವೆಲ್ ಬೆನ್ನ ಹಿಂದೆಯೇ ಜೋತುಬೀಳುತ್ತದೆ. ಸೊಂಟ ಮೊದಲು ತಿರುಗಿದರೆ ಎದುರಿಗೆ ಬಂದು ‘ಚಟ್’ ಎನ್ನುತ್ತದೆ. ಆ ಸದ್ದು ಎಲ್ಲಿ ಕೇಳಿತು ಎಂದು ಮಕ್ಕಳನ್ನೇ ಕೇಳಿ. ಬೆನ್ನ ಹಿಂದೆಯಾ, ಎದುರಿಗಾ? ಅವರೇ ಸರಿಮಾಡಿಕೊಳ್ಳುತ್ತಾರೆ. ನೀವು ಬಾಯಿ ನೋಯಿಸಿಕೊಳ್ಳಬೇಕಾಗಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೋಚಿಂಗ್ ಶುರು ಮಾಡಿದ ಹೊಸತರಲ್ಲಿ ನಾನು ‘ಹಿಂದಿನ ಪಾದದಿಂದ ಹುಳ ಹೊಸಕು’ ಎಂದು ಕಲಿಸುತ್ತಿದ್ದೆ. ತುಂಬಾ ಕಡೆ ಹೀಗೆ ಕಲಿಸುತ್ತಾರೆ. ಮಕ್ಕಳು ಚೆನ್ನಾಗಿಯೇ ಹೊಸಕಿದರು. ಪಾದ ತಿರುಗುತ್ತಿತ್ತು, ನೋಡಲು ಚೆಂದ ಇತ್ತು. ಆದರೆ ಭಾರವೆಲ್ಲ ಹಿಂದಿನ ಕಾಲಿನಲ್ಲೇ ಉಳಿಯುತ್ತಿತ್ತು. ನಿಂತಲ್ಲೇ ಬುಗುರಿಯಂತೆ ತಿರುಗುತ್ತಿದ್ದರು, ಚೆಂಡಿಗೆ ಶಕ್ತಿ ಸೇರುತ್ತಿರಲಿಲ್ಲ. ಒಂದಿಡೀ ವರ್ಷದ ಮಕ್ಕಳಿಗೆ ನಾನು ಇದನ್ನು ಕಲಿಸಿದ್ದೇನೆ ಎನ್ನುವ ಬೇಸರ ನನಗೆ ಈಗಲೂ ಇದೆ. ಹಿಂದಿನ ಪಾದ ತಿರುಗಬೇಕು, ನಿಜ. ಆದರೆ ಅದು ತಾನಾಗಿ ತಿರುಗುವುದಲ್ಲ, ಸೊಂಟ ಅದನ್ನು ಎಳೆದು ತಿರುಗಿಸಬೇಕು. ಒಳ್ಳೆಯ ಸ್ವಿಂಗ್ ಮುಗಿದಾಗ ಹಿಂದಿನ ಹಿಮ್ಮಡಿ ಎದ್ದಿರುತ್ತದೆ, ಬೆರಳ ತುದಿ ಮಾತ್ರ ನೆಲಕ್ಕೆ ತಾಗಿರುತ್ತದೆ. ಪಾದದ ಬಗ್ಗೆ ಮಾತೇ ಆಡದೆ, ಸೊಂಟದ ಬಗ್ಗೆ ಮಾತ್ರ ಹೇಳಿ ನೋಡಿ. ಪಾದ ತಾನೇ ಸರಿಯಾಗುತ್ತದೆ.

ಮುಂದಿನ ಕಾಲಿನ ಕತೆ ಬೇರೆ. ಕ್ರಿಕೆಟ್‌ನಿಂದ ಬಂದವರಿಗೆ ಇದೇ ಅತಿ ಕಷ್ಟ. ಅಲ್ಲಿ ಡ್ರೈವ್ ಹೊಡೆಯುವಾಗ ಚೆಂಡು ಬೀಳುವ ಜಾಗಕ್ಕೆ ಕಾಲಿಡಬೇಕು, ಮೊಣಕಾಲು ಬಗ್ಗಬೇಕು, ತಲೆ ಮತ್ತು ಭಾರ ಮುಂದಿನ ಕಾಲಿನ ಮೇಲೆ ಹೋಗಬೇಕು. ಸಾಫ್ಟ್‌ಬಾಲ್‌ನಲ್ಲಿ ಹಾಗೆ ಹೋದರೆ ಸೊಂಟಕ್ಕೆ ತಿರುಗಲು ಜಾಗವೇ ಇರುವುದಿಲ್ಲ. ಇಲ್ಲಿ ಮುಂದಿನ ಕಾಲು ಊರಿದ ಮೇಲೆ ಗಟ್ಟಿಯಾಗಬೇಕು. ಏಟು ಬೀಳುವ ಹೊತ್ತಿಗೆ ಮೊಣಕಾಲು ನೆಟ್ಟಗಾಗುತ್ತಾ ಬರಬೇಕು. ಬಾಗಿಲು ತಿರುಗಬೇಕಾದರೆ ಚೌಕಟ್ಟು ಅಲುಗಬಾರದಲ್ಲ, ಹಾಗೆ. ಮುಂದಿನ ಕಾಲು ಚೌಕಟ್ಟು, ಸೊಂಟ ಬಾಗಿಲು. ತಲೆ ಎರಡು ಕಾಲುಗಳ ನಡುವೆಯೇ ಇರಬೇಕು.

ಹಾಗೆಂದು ಮಕ್ಕಳ ಎದುರು ಕ್ರಿಕೆಟ್ ಅನ್ನು ಬಯ್ಯಬೇಡಿ. ಚೆಂಡಿನ ಭಯ ಇಲ್ಲದಿರುವುದು, ಕಣ್ಣು ಕೈ ಹೊಂದಿರುವುದು, ಓಟದ ಅಂದಾಜು, ಇವೆಲ್ಲ ಅಲ್ಲಿಂದಲೇ ಬಂದದ್ದು. ಬಿಡಿಸಬೇಕಾದದ್ದು ಕೆಲವೇ ಅಭ್ಯಾಸ. ಅದರಲ್ಲಿ ಒಂದು ಹಿಡಿತ. ಕ್ರಿಕೆಟ್ ಬ್ಯಾಟನ್ನು ನೇರ ಇಳಿಸಲು ಹಿಡಿಯುತ್ತೇವೆ. ಇಲ್ಲಿ ಕೊಡಲಿ ಹಿಡಿದ ಹಾಗೆ ಹಿಡಿಯಬೇಕು. ಬ್ಯಾಟ್ ಅಂಗೈಯ ಗುಳಿಯಲ್ಲಿ ಅಲ್ಲ, ಬೆರಳುಗಳ ಬುಡದಲ್ಲಿ ಕೂರಬೇಕು. ಬಾಗಿಲು ತಟ್ಟುವ ಬೆರಳ ಗಂಟುಗಳಿವೆಯಲ್ಲ, ಎರಡೂ ಕೈಯ ಆ ಗಂಟುಗಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಬಂದರೆ ಸಾಕು. ಬಿಗಿಯಾಗಿ ಹಿಸುಕಬಾರದು. ಕೈ ಹಿಂದಿನ ಭುಜದ ಹತ್ತಿರ ಇರಲಿ. ಇದಕ್ಕೆ ಹತ್ತು ನಿಮಿಷಕ್ಕಿಂತ ಜಾಸ್ತಿ ಕೊಡಬೇಡಿ. ನಿಲುವು, ಹಿಡಿತ ಮಗುವಿನಿಂದ ಮಗುವಿಗೆ ಸ್ವಲ್ಪ ಬೇರೆ ಇದ್ದರೂ ಪರವಾಗಿಲ್ಲ. ಕಾಲು ಊರಿದ ಕ್ಷಣದಿಂದ ಚೆಂಡು ತಾಗುವವರೆಗೆ ಮಾತ್ರ ಎಲ್ಲರದ್ದೂ ಒಂದೇ ಥರ ಇರಬೇಕು.

ಇನ್ನೊಂದು ಅಭ್ಯಾಸ, ಕಾಲಿನ ಹತ್ತಿರದ ಚೆಂಡಿಗೆ ಬೀಸುವುದು. ಯಾರ್ಕರ್ ಬಂದರೆ ಸ್ಟಂಪ್ ಉಳಿಸಿಕೊಳ್ಳಲು ಆಡಲೇಬೇಕು ಎಂದು ಅವರ ಮೈಗೆ ಗೊತ್ತು. ಇಲ್ಲಿ ಸ್ಟಂಪ್ ಇಲ್ಲ. ಬ್ಯಾಟ್ ಮಾಡುವವಳ ಪಕ್ಕ ನೆಲದಲ್ಲಿರುವ ಹಲಗೆ, ಅಂದರೆ ಹೋಮ್ ಪ್ಲೇಟ್‌ನ ಅಗಲ 17 ಇಂಚು, ಎತ್ತರ ಕಂಕುಳಿನಿಂದ ಮೊಣಕಾಲಿನ ಮೇಲ್ಭಾಗದವರೆಗೆ. ಅಷ್ಟರೊಳಗೆ ಬಂದದ್ದು ಸ್ಟ್ರೈಕ್, ಅದನ್ನು ಬಿಟ್ಟರೆ ನಮಗೆ ನಷ್ಟ. ಅದಕ್ಕಿಂತ ಕೆಳಗೆ ಬಂದದ್ದನ್ನು ಬಿಟ್ಟರೆ ನಮಗೇ ಲಾಭ. ಬಿಡುವುದನ್ನೂ ಕಲಿಸಬೇಕು. ಒಬ್ಬಳು ಹೆಲ್ಮೆಟ್ ಹಾಕಿ, ಬ್ಯಾಟ್ ಇಲ್ಲದೆ ನಿಲ್ಲಲಿ. ಪಿಚರ್ ಚೆಂಡು ಹಾಕಲಿ. ಚೆಂಡು ಅರ್ಧ ದಾರಿ ದಾಟುವ ಮೊದಲು ‘ಹೂಂ’ ಅಥವಾ ‘ಬೇಡ’ ಎಂದು ಕೂಗಬೇಕು. ಕಾಲು ಮಾತ್ರ ಪ್ರತಿ ಚೆಂಡಿಗೂ ಊರಬೇಕು. ಪಿಚರ್‌ಗೂ ಇದರಿಂದ ಒಳ್ಳೆಯ ಅಭ್ಯಾಸ.

ಮತ್ತೊಂದು, ಹೊಡೆದ ಮೇಲೆ ಬ್ಯಾಟ್ ಹಿಡಿದುಕೊಂಡೇ ಓಡುವುದು. ಕ್ರೀಸಿಗೆ ಬ್ಯಾಟ್ ಊರುವ ಅಭ್ಯಾಸ ಅದು. ಇಲ್ಲಿ ಬ್ಯಾಟನ್ನು ಪಕ್ಕಕ್ಕೆ ಬಿಟ್ಟು ಓಡಬೇಕು, ಬೀಸಿ ಎಸೆಯಬಾರದು. ಓಡಿ ಮುಟ್ಟಬೇಕಾದ ಮೊದಲ ಬೇಸ್‌ಗೆ 60 ಅಡಿ, ಅಂದರೆ ಹದಿನೆಂಟು ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಬ್ಯಾಟ್ ಕೈಯಲ್ಲಿದ್ದರೆ ಓಟ ತಡವಾಗುತ್ತದೆ.

ಈಗ ಸಮಯದ ವಿಷಯ. ಹೆಂಗಸರ ಆಟದಲ್ಲಿ ಪಿಚರ್ ನಿಲ್ಲುವ ಜಾಗದಿಂದ ಹೋಮ್ ಪ್ಲೇಟ್‌ಗೆ ಪೂರ್ಣ ಅಂತರ 43 ಅಡಿ, ಸುಮಾರು 13 ಮೀಟರ್. ಪಿಚರ್ ಮುಂದೆ ಹೆಜ್ಜೆ ಹಾಕಿ ಬಿಡುವುದರಿಂದ ಚೆಂಡು ನಿಜವಾಗಿ ಬರುವ ದೂರ ಇನ್ನೂ ಕಡಿಮೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬಂದರೆ ಚೆಂಡು ತಲುಪಲು ಹಿಡಿಯುವುದು ಅರ್ಧ ಸೆಕೆಂಡು. ಇಷ್ಟರೊಳಗೆ ನೋಡಬೇಕು, ಹೊಡೆಯಲೋ ಬಿಡಲೋ ಎಂದು ನಿರ್ಧರಿಸಬೇಕು, ಬ್ಯಾಟ್ ತರಬೇಕು. ಚೆಂಡು ಬಿಟ್ಟ ಮೇಲೆ ಹುಡುಗಿ ಭಾರ ಹಿಂದೆ ತರುತ್ತಾ ಕೂತರೆ ಆಗಲೇ ತಡ. ಹಾಗಾಗಿ ಪಿಚರ್‌ನ ತೋಳು ಸುತ್ತಲು ಎದ್ದಾಗಲೇ ಇವಳ ಭಾರ ಹಿಂದಿನ ಕಾಲಿಗೆ ಹೋಗಿರಬೇಕು. ಚೆಂಡು ಅವಳ ತೊಡೆಯ ಪಕ್ಕದಿಂದ ಹೊರಡುವ ಹೊತ್ತಿಗೆ ಇವಳ ಮುಂದಿನ ಕಾಲು ನೆಲದ ಕಡೆ ಹೊರಟಿರಬೇಕು. ನಾನು ಮಕ್ಕಳಿಗೆ ಹೇಳುವುದು ಇಷ್ಟೇ: ಕಾಲು ಪ್ರತಿ ಚೆಂಡಿಗೂ ಹೋಗಲಿ, ಕೈ ಹೊಡೆಯುವ ಚೆಂಡಿಗೆ ಮಾತ್ರ ಹೋಗಲಿ. ಈ ಒಂದು ಮಾತು ಕಿವಿಯಲ್ಲಿ ಉಳಿದವರು ಬೇರೆ ಏನನ್ನು ಮರೆತರೂ ಚೆಂಡು ತಾಗಿಸುತ್ತಾರೆ.

ಸಾಮಾನಿನ ವಿಷಯಕ್ಕೆ ಬರುತ್ತೇನೆ. 3 ಬ್ಯಾಟು, 8 ಚೆಂಡು ಇದ್ದರೆ ಸಾಕು. ಆದರೆ ಆ ಮೂರು ಬ್ಯಾಟು ಎಷ್ಟು ಉದ್ದ ಎಂದು ಮೊದಲು ನೋಡಿ. ಶಾಲೆಗಳಿಗೆ ಬರುವುದು ಹೆಚ್ಚಾಗಿ ದೊಡ್ಡವರ ಬ್ಯಾಟ್. ನಿಯಮದಲ್ಲಿ ಗರಿಷ್ಠ ಉದ್ದ 34 ಇಂಚು. 11–12 ವರ್ಷದವರಿಗೆ 28ರಿಂದ 30 ಇಂಚು, 13–14ರವರಿಗೆ 30ರಿಂದ 32 ಇಂಚು ಸರಿಹೊಂದುತ್ತದೆ. ತೂಕ ನೋಡಲು ಸುಲಭದ ದಾರಿ ಇದೆ. ಬಲಗೈ ಆಟಗಾರ್ತಿ ಆದರೆ ಎಡಗೈಯಲ್ಲಿ ಬ್ಯಾಟಿನ ಬುಡ ಹಿಡಿದು, ಭುಜದ ಎತ್ತರಕ್ಕೆ ಪಕ್ಕಕ್ಕೆ ಚಾಚಿ 20 ಎಣಿಸಲಿ. ಅದಕ್ಕೂ ಮೊದಲೇ ಕೈ ನಡುಗಿ ಇಳಿದರೆ ಬ್ಯಾಟ್ ಅವಳಿಗೆ ಭಾರ. ಬೇರೆ ಬ್ಯಾಟ್ ಇಲ್ಲದಿದ್ದರೆ ನಾಲ್ಕು ಬೆರಳಿನಷ್ಟು ಮೇಲೆ ಹಿಡಿಯಲಿ. ಭಾರದ ಬ್ಯಾಟ್ ಹಿಡಿದ ಮಗು ಅದನ್ನು ಹೊರಡಿಸಲೆಂದೇ ಕೈ ಮೊದಲು ಎಳೆಯುತ್ತದೆ. ನಾವು ಸರಿಮಾಡಲು ಹೊರಟ ತಪ್ಪನ್ನು ಬ್ಯಾಟೇ ಕಲಿಸುತ್ತದೆ!

ಹೊಡೆಯಲು ಟೀ ಬೇಕೇ ಬೇಕು, ಅಂದರೆ ಚೆಂಡು ಇಡುವ ಕಂಬ. ಕೊಳ್ಳಬೇಕಾಗಿಲ್ಲ. ಖಾಲಿ ಪೇಂಟ್ ಡಬ್ಬಿಗೆ ಸಿಮೆಂಟ್ ತುಂಬಿ, ನಡುವೆ ಪಿವಿಸಿ ಪೈಪ್ ನಿಲ್ಲಿಸಿ. ಅದರೊಳಗೆ ಸ್ವಲ್ಪ ಸಣ್ಣ ಪೈಪ್ ಹಾಕಿದರೆ ಎತ್ತರ ತಗ್ಗು ಮಾಡಬಹುದು. ಮೇಲ್ತುದಿಗೆ ಒಂದು ಗೇಣು ಮೆತ್ತನೆಯ ರಬ್ಬರ್ ಪೈಪ್ ಸಿಕ್ಕಿಸಿ, ಬ್ಯಾಟ್ ತಾಗಿದರೂ ಬಾಗುತ್ತದೆ. ಎದುರಿಗೆ ಬಲೆ. ತದಡಿ ಬಂದರು ನಿಮಗೆ ಹತ್ತಿರವೇ ಇದೆ. ದೋಣಿಯವರು ಬಿಟ್ಟ ಹಳೆಯ ಬಲೆ ಕೇಳಿದರೆ ಕೊಟ್ಟಾರು. ಎರಡು ಗಾಳಿಮರಗಳ ನಡುವೆ ಸಡಿಲವಾಗಿ ಇಳಿಬಿಡಿ. ಬಿಗಿಯಾಗಿ ಕಟ್ಟಿದರೆ ಚೆಂಡು ಪುಟಿದು ವಾಪಸ್ ಮುಖಕ್ಕೆ ಬರುತ್ತದೆ. ಬಲೆಯ ನಡುವೆ, ಮಕ್ಕಳ ತಲೆಯ ಎತ್ತರಕ್ಕೆ ಒಂದು ಕೆಂಪು ಬಟ್ಟೆ ಕಟ್ಟಿ. ಚೆಂಡು ಅದಕ್ಕೆ ಬಡಿಯಬೇಕು. ನೆಲಕ್ಕೂ ಅಲ್ಲ, ಆಕಾಶಕ್ಕೂ ಅಲ್ಲ. ‘ಬ್ಯಾಟನ್ನು ಮಟ್ಟಸವಾಗಿ ಬೀಸು’, ‘ಮೇಲಿಂದ ಕೆಳಗೆ ಹೊಡಿ’ ಎಂಬ ಎರಡು ಸಲಹೆ ಎಲ್ಲೆಡೆ ಕೇಳುತ್ತವೆ. ನಾನು ಎರಡನ್ನೂ ಹೇಳುವುದಿಲ್ಲ. ಚೆಂಡು ಸ್ವಲ್ಪ ಇಳಿಯುತ್ತಾ ಬರುತ್ತದೆ, ಬ್ಯಾಟ್ ಅದೇ ದಾರಿಯಲ್ಲಿ ಸ್ವಲ್ಪ ಏರುತ್ತಾ ಎದುರು ಹೋಗಬೇಕು. ಆಗ ಸಮಯ ಒಂದಿಷ್ಟು ತಪ್ಪಿದರೂ ಎಲ್ಲೋ ಒಂದು ಕಡೆ ತಾಗುತ್ತದೆ. ಆದರೆ ಇದನ್ನೆಲ್ಲ 11 ವರ್ಷದವಳಿಗೆ ವಿವರಿಸಬೇಡಿ. ಕೆಂಪು ಬಟ್ಟೆ ತೋರಿಸಿದರೆ ಅವಳ ಮೈಯೇ ಆ ದಾರಿ ಹುಡುಕಿಕೊಳ್ಳುತ್ತದೆ.

ಟೀ ಎಲ್ಲಿಡಬೇಕು ಎನ್ನುವುದರಲ್ಲಿ ತುಂಬಾ ಜನ ತಪ್ಪುತ್ತಾರೆ. ಹೊಟ್ಟೆಯ ನೇರಕ್ಕೆ ಇಡುತ್ತಾರೆ. ಅದು ತೀರಾ ಹಿಂದೆ. ನಡುವಿನ ಚೆಂಡಿಗೆ ಮುಂದಿನ ಪಾದದ ನೇರಕ್ಕೆ ಇಡಿ. ಮೈ ಹತ್ತಿರದ ಚೆಂಡಿಗೆ ಅದಕ್ಕಿಂತ ಒಂದು ಗೇಣು ಮುಂದೆ, ಅಂದರೆ ಪಿಚರ್ ಕಡೆಗೆ. ದೂರದ ಚೆಂಡಿಗೆ ಮುಂದಿನ ಪಾದಕ್ಕಿಂತ ಸ್ವಲ್ಪ ಹಿಂದೆ. ಒಂದು ವಾರ ನಡುವಿನದ್ದೇ ಸಾಕು. ಏಟು ಬಿದ್ದ ಕ್ಷಣದಲ್ಲಿ ಮೇಲಿನ ಕೈಯ ಅಂಗೈ ಆಕಾಶ ನೋಡುತ್ತಿರಬೇಕು, ಕೆಳಗಿನ ಕೈಯ ಅಂಗೈ ನೆಲ ನೋಡುತ್ತಿರಬೇಕು. ಅದು ಮಗುಚಿದ್ದರೆ ಕೈ ಬೇಗ ಹೊರಟಿದೆ ಎಂದು ಅರ್ಥ. ಬ್ಯಾಟ್ ದೊಡ್ಡ ಸುತ್ತು ಹಾಕುವವಳನ್ನು ಗೋಡೆಯ ಎದುರು, ಒಂದು ಬ್ಯಾಟಿನ ಉದ್ದದಷ್ಟು ದೂರ ನಿಲ್ಲಿಸಿ, ನಿಧಾನಕ್ಕೆ ಬೀಸಲು ಹೇಳಿ. ತೋಳು ಮೈಯಿಂದ ಬೇಗ ಬಿಚ್ಚಿಕೊಂಡರೆ ತುದಿ ಗೋಡೆಗೆ ತಾಗುತ್ತದೆ. ಸೊಂಟ ಮೊದಲು ತಿರುಗಿ, ಮೊಣಕೈ ಪಕ್ಕೆಯ ಹತ್ತಿರದಿಂದ ಬಂದರೆ ತಾಗುವುದಿಲ್ಲ. ಇದಕ್ಕೆ ಬ್ಯಾಟ್ ಹಾಳು ಮಾಡಬೇಡಿ, ಅಷ್ಟೇ ಉದ್ದದ ಕೋಲು ಸಾಕು.

16 ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿ ಒಬ್ಬೊಬ್ಬರಿಗೆ ಬ್ಯಾಟ್ ಕೊಟ್ಟರೆ ಒಂದು ಗಂಟೆಯಲ್ಲಿ ಒಬ್ಬಳಿಗೆ ಐದಾರು ಏಟು ಸಿಗುತ್ತದೆ. ಅದರಲ್ಲಿ ಏನೂ ಕಲಿಯಲಾಗುವುದಿಲ್ಲ. ನಾಲ್ಕು ಗುಂಪು ಮಾಡಿ. ಒಂದು ಗುಂಪು ಟೀ ಹತ್ತಿರ. ಒಂದು ಗುಂಪಿಗೆ ಪಕ್ಕದಿಂದ ಮೆಲ್ಲಗೆ ಚೆಂಡು ಎಸೆದುಕೊಟ್ಟು ಬಲೆಗೆ ಹೊಡೆಸುವುದು. ಒಂದು ಗುಂಪು ಟವೆಲ್ ಮತ್ತು ಗೋಡೆ. ಇನ್ನೊಂದು ‘ಹೂಂ, ಬೇಡ’. ಎಂಟು ಏಟಿಗೆ ಒಬ್ಬಳ ಸರದಿ ಮುಗಿಯಲಿ. ಸುಸ್ತಾದ ಮೈ ಮತ್ತೆ ಕೈಗೇ ಕೆಲಸ ಕೊಡುತ್ತದೆ, ಆಗ ಹೊಡೆದಷ್ಟೂ ಹಳೆಯ ಅಭ್ಯಾಸವೇ ಗಟ್ಟಿಯಾಗುತ್ತದೆ. ಚೆಂಡು ಎಸೆದುಕೊಡುವವಳು ಬ್ಯಾಟ್ ತಿರುಗುವ ದಾರಿಯಿಂದ ಹೊರಗೆ, ಪಕ್ಕಕ್ಕೆ ಕೂರಬೇಕು. ಅವಳಿಗೂ ಹೆಲ್ಮೆಟ್ ಇರಬೇಕು.

ಸುರಕ್ಷತೆಯಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಒಮ್ಮೆ ಮಳೆಹನಿ ಬೀಳುತ್ತಿದ್ದಾಗ ಅಭ್ಯಾಸ ಮುಂದುವರಿಸಿದೆ. ಒದ್ದೆ ಕೈಯಿಂದ ಬ್ಯಾಟ್ ಜಾರಿ, ಹತ್ತಿರ ಕಾಯುತ್ತಾ ನಿಂತಿದ್ದ ಹುಡುಗಿಯ ಮೊಣಕಾಲಿನ ಕೆಳಗೆ ಬಡಿಯಿತು. ಮೂಳೆಗೆ ಏನೂ ಆಗಲಿಲ್ಲ, ಆದರೆ ಅವಳು ಹದಿನೈದು ದಿನ ಕುಂಟುತ್ತಾ ಶಾಲೆಗೆ ಬಂದಳು. ತಪ್ಪು ಪೂರ್ತಿ ನನ್ನದು. ಅಂದಿನಿಂದ ಹಗ್ಗ ಹಾಸಿ ಗೆರೆ ಮಾಡುತ್ತೇನೆ. ಬ್ಯಾಟ್ ಇರುವವಳು ಒಳಗೆ, ಉಳಿದವರು ಆರು ಹೆಜ್ಜೆ ಹೊರಗೆ. ಕೈ ಒರೆಸಲು ಒಣ ಬಟ್ಟೆ ಪಕ್ಕದಲ್ಲೇ ಇರಬೇಕು.

ಮಳೆ ಅಂದಾಗ ನೆನಪಾಯಿತು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ನಮ್ಮ ಕೈಯಲ್ಲಿಲ್ಲ. ಅದಕ್ಕೆ ಬೇಸರ ಬೇಡ. ಈ ಆಟ ಹುಟ್ಟಿದ್ದೇ ಒಳಾಂಗಣದಲ್ಲಿ. 1887ರ ನವೆಂಬರ್ ಚಳಿಯಲ್ಲಿ ಷಿಕಾಗೋದ ಒಂದು ದೋಣಿ ಕ್ಲಬ್‌ನ ಒಳಗೆ, ಬಾಕ್ಸಿಂಗ್ ಗ್ಲೌಸ್ ಸುತ್ತಿ ಚೆಂಡು ಮಾಡಿ, ಪೊರಕೆಯ ಕೋಲನ್ನು ಬ್ಯಾಟ್ ಮಾಡಿಕೊಂಡು ಜಾರ್ಜ್ ಹ್ಯಾನ್ಕಾಕ್ ಮತ್ತು ಗೆಳೆಯರು ಆಡಿದ್ದು ಇದರ ಶುರು. ಸಾಫ್ಟ್‌ಬಾಲ್ ಎಂಬ ಹೆಸರು ಬಂದದ್ದೇ 1926ರಲ್ಲಿ. ನಿಮ್ಮ ಶಾಲೆಯ ಜಗಲಿಯಲ್ಲಿ ಚಿಂದಿ ಬಟ್ಟೆಯ ಚೆಂಡು, ಪೊರಕೆಯ ಕೋಲು ಹಿಡಿದು ಆಡಿಸಿ. ಸಣ್ಣ ಕೋಲಿನಲ್ಲಿ ಸಣ್ಣ ಚೆಂಡು ತಾಗಿಸಿದವಳಿಗೆ ಆಮೇಲೆ ಮೈದಾನದಲ್ಲಿ ದೊಡ್ಡ ಚೆಂಡು ಸುಲಭ. ಈ ಕತೆ ಮಕ್ಕಳಿಗೂ ಹೇಳಿ. ಸಾಫ್ಟ್‌ಬಾಲ್ 1996ರಲ್ಲಿ ಒಲಿಂಪಿಕ್ಸ್‌ಗೆ ಬಂತು, 2008ರ ನಂತರ ಹೊರಗುಳಿಯಿತು, ಟೋಕಿಯೋದಲ್ಲಿ ಮತ್ತೆ ಬಂದಾಗ ಜಪಾನ್ ಚಿನ್ನ ಗೆದ್ದಿತು, 2028ರಲ್ಲಿ ಮತ್ತೆ ಇದೆ ಎಂದರೆ ಕಣ್ಣರಳಿಸಿ ಕೇಳುತ್ತಾರೆ.

‘ಚೆಂಡು ನೋಡು’ ಎಂಬ ಮಾತಿನ ಬಗ್ಗೆ. ಅದು ತಪ್ಪಲ್ಲ, ಆದರೆ ಅದರಿಂದ ಮಗುವಿಗೆ ಮಾಡಲು ಏನೂ ಸಿಗುವುದಿಲ್ಲ. ಅದರ ಬದಲು ಚೆಂಡುಗಳ ಮೇಲೆ ಮಾರ್ಕರ್‌ನಿಂದ ಕೆಂಪು, ನೀಲಿ, ಕಪ್ಪು ದೊಡ್ಡ ಚುಕ್ಕೆ ಹಾಕಿ. ಮೆಲ್ಲಗೆ ಎಸೆಯಿರಿ. ಹೊಡೆಯುತ್ತಲೇ ಬಣ್ಣ ಕೂಗಬೇಕು. ಬಣ್ಣ ಕಂಡಿತು ಎಂದರೆ ಚೆಂಡು ಕಂಡಿತು, ತಲೆಯೂ ಅಲುಗಲಿಲ್ಲ. ಮತ್ತೆ, ಅವಳು ಬೀಸುತ್ತಿರುವಾಗ ದಯವಿಟ್ಟು ಏನೂ ಕೂಗಬೇಡಿ. ಅರ್ಧ ಸೆಕೆಂಡಿನಲ್ಲಿ ನಿಮ್ಮ ಮಾತು ಕೇಳಿ, ಅರ್ಥ ಮಾಡಿಕೊಂಡು, ಮೈ ಬದಲಿಸಲು ಯಾರಿಂದಲೂ ಆಗುವುದಿಲ್ಲ. ಎಂಟು ಏಟು ಮುಗಿದ ಮೇಲೆ ಒಂದೇ ವಿಷಯ ಹೇಳಿ. ಎರಡನೆಯದು ನಾಳೆಗೆ.

ಯಾರಿಗೆ ಏನು ಹೇಳಬೇಕು ಎಂದು ತಿಳಿಯಲು ನಿಮ್ಮ ಮೊಬೈಲ್ ಸಾಕು. ಹುಡುಗಿಯ ಎದೆ ನಿಮ್ಮ ಕಡೆ ಇರುವಂತೆ, ದೂರದಲ್ಲಿ ನಿಂತು ಸ್ಲೋ ಮೋಷನ್‌ನಲ್ಲಿ ತೆಗೆಯಿರಿ. ಮುಂದಿನ ಹಿಮ್ಮಡಿ ನೆಲ ಮುಟ್ಟಿದ ಕ್ಷಣದಲ್ಲಿ ನಿಲ್ಲಿಸಿ ನೋಡಿ. ಕೈಗಳು ಇನ್ನೂ ಹಿಂದಿನ ಭುಜದ ಹತ್ತಿರ ಇವೆಯೇ? ಇದ್ದರೆ ಅವಳ ಸರದಿ ಸರಿಯಾಗಿದೆ, ಏಟು ತಪ್ಪುತ್ತಿದ್ದರೂ ಸುಮ್ನೆ ಬಿಡಿ, ಕೆಲವೇ ದಿನದಲ್ಲಿ ತಾಗುತ್ತದೆ. ಕೈ ಆಗಲೇ ಎದೆಯ ಮುಂದೆ ಬಂದಿದ್ದರೆ, ಅವಳು ಅಂದು ಬೌಂಡರಿಗೆ ಹೊಡೆದಿದ್ದರೂ ಮತ್ತೆ ಟವೆಲ್‌ಗೆ ಕಳಿಸಿ. ಅವಳಿಗೇ ಆ ಚಿತ್ರ ತೋರಿಸಿ. ‘ಅಕ್ಕೋರೇ, ಕೈ ಆಗಲೇ ಹೋಗಿಬಿಟ್ಟಿದೆ’ ಎಂದು ಅವಳೇ ಹೇಳಿದ ದಿನ ನಿಮ್ಮ ಅರ್ಧ ಕೆಲಸ ಮುಗಿಯಿತು. ಹಳೆಯ ಅಭ್ಯಾಸ ಬಿಡುವಾಗ ಮೊದಲ ಎರಡು ವಾರ ಏಟು ಇನ್ನೂ ಕಡಿಮೆಯಾಗಬಹುದು. ಇದನ್ನು ಮಕ್ಕಳಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಹೆದರಿ ಹಳೆಯದಕ್ಕೇ ಹೋಗುತ್ತಾರೆ.

ಕೊನೆಗೆ ಆ ಸಣ್ಣ ಹುಡುಗಿ. ಬಂಟ್ ಎಲ್ಲರಿಗೂ ಬರಬೇಕು, ಅವಳಿಗೂ ಬರಲಿ. ಆದರೆ ಬರೀ ಬಂಟ್ ಎಂದು ಮಾತ್ರ ಮಾಡಬೇಡಿ ಮೇಡಂ. ನಿನ್ನಿಂದ ಇಷ್ಟೇ ಆಗುವುದು ಎಂದು ಅವಳಿಗೆ ಈ ವಯಸ್ಸಿನಲ್ಲೇ ಹೇಳಿದ ಹಾಗಾಗುತ್ತದೆ. ತೋಳಿನಲ್ಲಿ ಶಕ್ತಿ ಇರುವವಳು ತಪ್ಪು ಸರದಿಯಲ್ಲೂ ಹೇಗೋ ನಾಲ್ಕು ಏಟು ಹೊಡೆದುಕೊಳ್ಳುತ್ತಾಳೆ, ಅದಕ್ಕೇ ಬೇಗ ಕಲಿಯುವುದಿಲ್ಲ. ತೋಳಿನಲ್ಲಿ ಶಕ್ತಿ ಇಲ್ಲದವಳಿಗೆ ಕಾಲು, ಸೊಂಟ ಬಿಟ್ಟರೆ ಬೇರೆ ದಾರಿಯೇ ಇಲ್ಲ. ನಾನು ಕಂಡ ಹಾಗೆ ಸರದಿಯನ್ನು ಮೊದಲು ಹಿಡಿಯುವುದು ಇಂಥವರೇ. ಮೂರು ಬ್ಯಾಟಿನಲ್ಲಿ ಹಗುರದ್ದನ್ನು ಅವಳಿಗೆ ಕೊಡಿ, ನಾಲ್ಕು ಬೆರಳು ಮೇಲೆ ಹಿಡಿಸಿ, ಟೀ ಹತ್ತಿರ ದಿನಾ ಮೊದಲ ಎಂಟು ಏಟು ಅವಳದ್ದೇ ಆಗಿರಲಿ. ಬಂಟ್ ಅನ್ನು ಒಂದು ತಿಂಗಳು ಬಿಟ್ಟು, ಹದಿನಾರು ಮಕ್ಕಳಿಗೂ ಒಂದೇ ದಿನ ಶುರು ಮಾಡಿ.